ಹಿಂಜಗಲಿಯ ಬಡಗಣ ಕಂಬ

ದೇವಿಯ ಮನೆಗೆ ಹೆಂಚು ಹೊದಿಸಿ ಆದ ಮೇಲೆ ಉಳಿದದ್ದು ಕಂಬಗಳ ಮೈಮೇಲೆ ಉದ್ದುದ್ದಕ್ಕೆ ತೋಡು ತೆಗೆಯುವ ಕೆಲಸ ಒಂದೇ. ಅದು ಯಾವಾಗಲೂ ಕೊನೆಯದು. ಕಂಬ ನಿಲ್ಲಿಸುವಾಗ ಅದರ ಮೈಯನ್ನು ಒರಟಾಗಿಯೇ ಬಿಟ್ಟಿರುತ್ತಾರೆ. ಮೇಲೆ ತೊಲೆಗಲ್ಲು ಏರಿಸುವಾಗ ಹಗ್ಗ ಉಜ್ಜಿ, ಕಲ್ಲು ತಾಕಿ, ತೋಡು ತೋಡಿನ ನಡುವಿನ ಚೂಪು ಏಣು ಮುರಿಯಬಾರದಲ್ಲ. ಮೇಲ್ತುದಿಯ ಕೊರಳಿನಲ್ಲಿ ನಾಲ್ಕು ಬೆರಳು, ಬುಡದಲ್ಲಿ ನಾಲ್ಕು ಬೆರಳು ಉದ್ದಕ್ಕೆ ಮಾತ್ರ ನೆಲದ ಮೇಲಿರುವಾಗಲೇ ತೋಡು ತೆಗೆದಿಟ್ಟು, ನಡುವಿನ ಮೈಯನ್ನು ಚಾವಣಿ ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ. ಆಮೇಲೆ ಅಟ್ಟಣೆ ಕಟ್ಟಿ, ಕೊರಳಿನ ಏಣಿನಿಂದ ಬುಡದ ಏಣಿಗೆ ತೂಗುಗುಂಡು ಇಳಿಬಿಟ್ಟು, ಇಪ್ಪತ್ತು ತೋಡುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಬರಬೇಕು.

ದಮರೇತ ಈ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದವನು. ಕಡಲ ಕಡೆಯವನು. ಅರ್ಕಾದಿಯದ ಈ ಬೆಟ್ಟದೂರಿಗೆ ಮದುವೆಯಾದ ಹೊಸತರಲ್ಲಿ ಬಂದು ಇಲ್ಲಿಯೇ ಬೇರು ಬಿಟ್ಟ. ಮಗ ಸಿಮಿಯ ಹುಟ್ಟಿದ್ದು ಇಲ್ಲಿ, ಉಳಿ ಹಿಡಿದದ್ದು ಇಲ್ಲಿ, ಎರಡು ವರ್ಷದ ಹಿಂದೆ ಗಣಿಯ ತಗ್ಗಿನಲ್ಲಿ ಹಿಡಿದ ಜ್ವರ ಬಿಡದೆ ಸತ್ತದ್ದೂ ಇಲ್ಲಿಯೇ. ಆಗ ಅವನಿಗೆ ಇಪ್ಪತ್ತಾರು.

ದೇವಾಲಯದ ಹಿಂಭಾಗದಲ್ಲಿ, ಗರ್ಭಗುಡಿಯ ಬೆನ್ನಿಗೆ, ಬಾಗಿಲಿಲ್ಲದ ಒಂದು ಜಗಲಿ. ಎರಡು ಗೋಡೆಗಳ ನಡುವೆ ಎರಡು ಕಂಬ. ಪೂಜೆಗೆ ಬಂದವರು ಆ ಕಡೆ ಸುಳಿಯುವುದು ಅಪರೂಪ. ಅದರ ಬಡಗಣ ಕಂಬವನ್ನು ನಿಲ್ಲಿಸಿದ್ದು ಸಿಮಿಯ. ತನ್ನ ಪಾಲಿಗೆಂದು ಒಪ್ಪಿಸಿದ ಮೊದಲನೆಯ ಕಂಬ ಅದು, ಕೊನೆಯದೂ ಅದೇ.

ಹಿಂಜಗಲಿಯ ತೋಡಿನ ಕೆಲಸ ಶುರುವಾದ ದಿನ ಬೆಳಗ್ಗೆ ತೂಗುಗುಂಡು ಇಳಿಬಿಟ್ಟವನು ಗೋರ್ಗ. ಪಕ್ಕದ ತೆಂಕಣ ಕಂಬ ಅವನದು. ಕೆಲಸದಲ್ಲಿ ಗಟ್ಟಿ, ಬಾಯಿಯಲ್ಲಿ ಅದಕ್ಕಿಂತ ಗಟ್ಟಿ.

"ಲೋ, ಇಲ್ಲಿ ಬರ್ರೋ! ಕಂಬ ಕತ್ತು ತಿರುಗ್ಸಿ ನೋಡ್ತಾ ಐತೆ. ಯಾವನೋ ರಾತ್ರಿ ಕುಡಿದದ್ದು ಇಳಿಯೋಕೆ ಮುಂಚೆ ಉಳಿ ಹಿಡ್ದವ್ನೆ!" ಎಂದು ಅಟ್ಟಣೆಯ ಮೇಲಿಂದ ಕೂಗಿದ.

ಕೆಳಗಿದ್ದವರು ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಒಬ್ಬ ಕೆಮ್ಮಿದ. ಗೋರ್ಗ ತಿರುಗಿ ನೋಡಿದರೆ ದಮರೇತ ಕೈಯಲ್ಲಿ ಉಳಿಯ ಚೀಲ ಹಿಡಿದು ಜಗಲಿಯ ಅಂಚಿನಲ್ಲಿ ನಿಂತಿದ್ದ.

"ಯಜಮಾನ್ರೆ, ನಾನು... ಯಾರ ಕಂಬ ಅಂತ ನೆನಪಾಗ್ಲಿಲ್ಲ," ಎಂದ ಗೋರ್ಗ.

"ಗುಂಡು ಬಿಡು, ನೋಡೋಣ," ಎಂದ ದಮರೇತ.

ಗುಂಡು ಇಳಿಯಿತು. ಅಲ್ಲಾಡಿತು, ನಿಂತಿತು. ಕೊರಳಿನ ಏಣಿನಿಂದ ಹೊರಟ ನೂಲು ಬುಡದ ಏಣಿನ ಮೇಲೆ ಕೂರಬೇಕಿತ್ತು. ಅದು ಎರಡು ಏಣುಗಳ ನಡುವೆ, ತೋಡಿನ ಹೊಟ್ಟೆಗೆ ಬಂದು ನಿಂತಿತ್ತು.

ಮೇಸ್ತ್ರಿ ಅರ್ಕಿಪ್ಪನಿಗೆ ಹೇಳಿಕಳುಹಿಸಿದರು. ದೇವಾಲಯದ ಅಳತೆಯೆಲ್ಲ ಅವನದೇ. ಬಂದು ಮಂಡಿಯೂರಿ ಬೆರಳಿಟ್ಟು ಅಳೆದ, ಮೇಲೆ ಹತ್ತಿ ಕೊರಳನ್ನು ನೋಡಿದ, ಮತ್ತೆ ಇಳಿದು ಬಂದು ಕೈ ಒರೆಸಿಕೊಂಡ.

"ಕೊರಳು ಸರಿಯಾಗೇ ಇದೆ. ನಾನು ಹೇಳಿದ ಹಾಗೆ ಏಣು ಮುಂದಕ್ಕಿದೆ. ಬುಡ ತಪ್ಪಿದೆ. ತೋಡಿನ ಹೊಟ್ಟೆ ಮುಂದಕ್ಕೆ ಬಂದಿದೆ. ಮೂರು ಬೆರಳು." ದಮರೇತನ ಕಡೆ ತಿರುಗಿದ. "ಇದು ನಿಮ್ಮ ಕಡಲ ಕಡೆ ಪದ್ಧತಿ ಅಲ್ವಾ, ದಮರೇತ? ನಿಮ್ಮಲ್ಲಿ ತೋಡು ಮುಂದಕ್ಕೆ, ನಮ್ಮಲ್ಲಿ ಏಣು ಮುಂದಕ್ಕೆ. ಹುಡುಗ ಅಪ್ಪನ ಪದ್ಧತಿ ಹಿಡಿದುಬಿಟ್ಟಿದಾನೆ."

"ಮೇಲಿನ ಬೋದಿಗೇನ ಕೊರಳ ಸಮೇತ ತಿರುಗಿಸೋಕಾಗಲ್ವಾ?" ಎಂದು ಯಾರೋ ಕೇಳಿದರು.

"ಆಗುತ್ತೆ. ನೀನು ಹೋಗಿ ತೊಲೆ ಎತ್ತಿ ಹಿಡ್ಕೊ, ನಾನು ತಿರುಗಿಸ್ತೀನಿ," ಎಂದ ಅರ್ಕಿಪ್ಪ. ಮೇಲೆ ತೊಲೆ, ತೊಲೆಯ ಮೇಲೆ ಮೂರು ಗೀರು ಕೊರೆದ ಕಲ್ಲುಗಳ ಸಾಲು, ಅದರ ಮೇಲೆ ಸೂರು, ಹೆಂಚು. ಬುಡವನ್ನು ಮತ್ತೆ ಕೊರೆಯೋಣವೆಂದರೆ ಏಣು ಇರಬೇಕಾದ ಕಡೆ ಕಲ್ಲೇ ಇಲ್ಲ, ತೋಡು ತೆಗೆದಾಗಿದೆ.

ಅರ್ಕಿಪ್ಪ ದಮರೇತನ ಹೆಗಲ ಮೇಲೆ ಕೈಯಿಟ್ಟ. "ಸತ್ತವನನ್ನ ಬಯ್ಯೋದು ಬೇಡ. ಈ ಕಂಬ ಹಾಗೇ ಒರಟಾಗಿ ಇದ್ದುಬಿಡಲಿ. ಹಿಂಜಗಲಿ, ಯಾರು ನೋಡ್ತಾರೆ? ದೇವಿ ಬರೋ ದಿನ ಪೂಜಾರ್ತಿ ಇದರ ಮುಂದೆ ನಿಲ್ಲದೆ ಹೋಗ್ತಾಳೆ, ಅಷ್ಟೆ."

ದಮರೇತನಿಗೆ ಅದು ಅಷ್ಟೆ ಆಗಿರಲಿಲ್ಲ.

ದೆಮೇತ್ರೆ ದೇವಿಯನ್ನು ಹೊಸ ಮನೆಗೆ ತರುವ ದಿನ ಪೂಜಾರ್ತಿ ಒಂದೊಂದು ಕಂಬದ ಮುಂದೆಯೂ ನಿಲ್ಲುತ್ತಾಳೆ. ತೋಡು ತೆಗೆದು ಮುಗಿಸಿದವನು ಕಲ್ಲಿನ ಮೇಲೆ ಅಂಗೈಯಿಟ್ಟು, ಕಂಬ ನಿಲ್ಲಿಸಿದವನ ಹೆಸರು ಹೇಳಿ, "ನೇರವಾಗಿದೆ, ತಾಯಿ" ಎಂದು ಆಣೆ ಇಡಬೇಕು. ಆಗ ಆಕೆ ಜವೆಗೋಧಿ ತೆನೆಯ ಹಾರ ಕಟ್ಟಿ ಆ ಹೆಸರನ್ನು ಮೂರು ಸಲ ಕೂಗುತ್ತಾಳೆ. ಬದುಕಿದವನ ಹೆಸರಾದರೆ ಅದು ದೇವಿಗೆ. ಸತ್ತವನ ಹೆಸರಾದರೆ ಅದು ನೆಲದೊಳಗೆ ಇಳಿದು, ಅರ್ಧ ವರ್ಷ ಸತ್ತವರ ನಡುವೆ ರಾಣಿಯಾಗಿ ಕೂರುವ ದೇವಿಯ ಮಗಳ ಕಿವಿಗೆ ಬೀಳುತ್ತದೆ. ಅಲ್ಲಿ ಲೆಕ್ಕವಿಲ್ಲದಷ್ಟು ನೆರಳುಗಳು, ಯಾರಿಗೂ ಮುಖವಿಲ್ಲ, ಹೆಸರಿಲ್ಲ. ಹಾಗೆ ಹೆಸರು ಕೂಗಿಸಿಕೊಂಡವನನ್ನು ಆಕೆ ತಿರುಗಿ ನೋಡುತ್ತಾಳೆ.

ಎರಡು ವರ್ಷ ದಮರೇತ ಕಾದದ್ದು ಆ ಮೂರು ಕೂಗಿಗೆ.

"ಕಂಬ ನನಗೆ ಕೊಡಿ," ಎಂದ. "ನಾನೊಬ್ಬನೇ ಮಾಡ್ತೀನಿ. ಮೂರು ಬೆರಳನ್ನ ಮೇಲಿಂದ ಕೆಳಗಿನವರೆಗೆ ಹಂಚಿಬಿಡ್ತೀನಿ. ತೋಡು ಒಂದಿಷ್ಟು ವಾಲುತ್ತೆ. ಕಣ್ಣಿಗೆ ಕಾಣೋದಿಲ್ಲ."

"ಹತ್ತು ಮೊಳದ ಕಂಬದಲ್ಲಿ ಇಪ್ಪತ್ತು ತೋಡನ್ನೂ ವಾಲಿಸ್ತೀಯಾ? ಈ ವಯಸ್ಸಲ್ಲಿ?"

"ವಯಸ್ಸು ಕಾಲಿಗೆ ಆಗಿರೋದು. ಕೈಗೆ ಇನ್ನೂ ಆಗಿಲ್ಲ."

ಅರ್ಕಿಪ್ಪ ತೂಗುಗುಂಡಿನ ನೂಲು ಸುತ್ತಿಕೊಂಡ. "ಸರಿ. ಕೊಯ್ಲಿನವರೆಗೂ ಸಮಯ ಇದೆ. ಆದ್ರೆ ಆ ದಿನ ಕಲ್ಲಿನ ಮೇಲೆ ಕೈ ಇಟ್ಟು ಏನು ಹೇಳ್ತೀಯೋ ಅದು ನಿನ್ನ ನಾಲಿಗೆ ಮೇಲೆ. ನಾನು ಕೇಳೋದಿಲ್ಲ."

ಮನೆಗೆ ಬಂದ ಮೇಲೆ ದಮರೇತ ಸೊಸೆಯ ಮುಂದೆ ಎಲ್ಲವನ್ನೂ ಹೇಳಿದ. ಮಿರ್ತೋ ಜವೆಯ ರೊಟ್ಟಿ, ಈರುಳ್ಳಿ, ಮೇಕೆಯ ಗಿಣ್ಣು ಇಟ್ಟು ಎದುರು ಕೂತಿದ್ದಳು. ಗಂಡ ಸತ್ತ ಮೇಲೆ ತವರಿಗೆ ಹೋಗು ಎಂದರೂ ಹೋಗದೆ ಮಾವನಿಗೆ ಅಡುಗೆ ಮಾಡಿಕೊಂಡು ಉಳಿದವಳು.

"ಅವರು ಹಾಗೆಲ್ಲ ತಪ್ಪೋರಲ್ಲ, ಮಾವ. ನನ್ನ ಮಗ್ಗದ ಗೂಟ ಹೊಡೀಬೇಕಾದ್ರೂ ಮೂರು ಸಲ ಅಳೀತಿದ್ರು. ನನಗೇ ಬೇಜಾರಾಗೋದು."

"ಬುಡ ತಪ್ಪಿರೋದನ್ನ ನಾನೇ ಕಣ್ಣಾರೆ ನೋಡ್ದೆ."

"ನೋಡಿರಬಹುದು."

"ಕಂಬದ ಮೇಲಿಂದ ಕೆಳಗಿನವರೆಗೂ ನಾನೇ ಅವನಿಗೆ ಕಲಿಸಿದ್ದೆ," ಎಂದ ದಮರೇತ ರೊಟ್ಟಿ ಮುರಿಯುತ್ತ. ದನಿಯಲ್ಲಿ ಸಿಟ್ಟಿತ್ತು. ಸತ್ತವನ ಮೇಲೆ ಸಿಟ್ಟು ಬಂದಿತಲ್ಲ ಎಂದು ಅವನಿಗೇ ಹೇಸಿಗೆಯಾಗಿ ರೊಟ್ಟಿಯನ್ನು ತಟ್ಟೆಗೆ ಹಾಕಿದ.

ಕಲಿಸಿದ್ದು ನಿಜ. ಸಿಮಿಯನಿಗೆ ಆರು ತುಂಬಿದಾಗ ಊರ ಹಳೆಯ ಗುಡಿಯ ಮುಂದೆ ಕೂರಿಸಿಕೊಂಡು, ಮೇಲಿಂದ ಕೆಳಕ್ಕೆ ಬೆರಳು ತೋರಿಸಿ ಒಂದೊಂದರ ಹೆಸರು ಹೇಳಿಸುತ್ತಿದ್ದ. ಚಾವಣಿಯ ಮುಂದಿನ ಮುಕ್ಕೋನದ ಗೋಡೆ ಹದ್ದು, ಏಕೆಂದರೆ ಅದು ರೆಕ್ಕೆ ಬಿಚ್ಚಿ ಕೂತ ಹಾಗಿದೆ. ಸೂರಿನ ಕೆಳಗಿನ ಬಳುಕು ಅಲೆ. ಅದರಡಿ ಮೂರುಗೀರು, ಮೂರುಗೀರಿನ ಕೆಳಗೆ ಸಾಲಾಗಿ ಹನಿ. ಆಮೇಲೆ ತೊಲೆ. ತೊಲೆಯ ಭಾರ ಹೊರುವ ಚೌಕದ ಹಲಗೆ, ಹಲಗೆಯಡಿ ಉಬ್ಬಿ ನಿಂತ ಮುಳ್ಳುಬುಗ್ಗೆ, ಅದಕ್ಕೆ ಸಮುದ್ರದಲ್ಲಿ ಸಿಗುವ ಮುಳ್ಳುಮುಳ್ಳಿನ ದುಂಡು ಜೀವಿಯ ಹೆಸರು. ಆಮೇಲೆ ಉಂಗುರಗಳು, ಕೊರಳು, ಮೈ, ಕೊನೆಗೆ ಬುಡ.

"ಪಾದ ಎಲ್ಲಪ್ಪಾ?" ಎಂದು ಹುಡುಗ ಕೇಳಿದ್ದ.

"ನಮ್ಮ ಕಂಬಕ್ಕೆ ಪಾದ ಇಲ್ಲ ಕಂದ. ಹೆಜ್ಜೆಗಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತೆ. ದೇವರ ಮನೇಲಿ ಚಪ್ಪಲಿ ಹಾಕ್ತಾರಾ?"

ಆ ಮಾತಿಗೆ ನಕ್ಕು ನಕ್ಕು ಬಿದ್ದಿದ್ದ. ಜ್ವರ ಏರಿದ ಕೊನೆಯ ದಿನಗಳಲ್ಲಿ ಏನೇನೋ ಬಡಬಡಿಸುವಾಗಲೂ ಆ ಹೆಸರುಗಳನ್ನೇ ಮೇಲಿಂದ ಕೆಳಕ್ಕೆ ಹೇಳುತ್ತಿದ್ದ. ಮೈ ಎಂಬಲ್ಲಿಗೆ ಬಂದು ನಿಲ್ಲಿಸಿ ಅಪ್ಪನ ಮುಖ ನೋಡುತ್ತಿದ್ದ. ಆ ನೋಟಕ್ಕೆ ಏನರ್ಥವೋ ದಮರೇತನಿಗೆ ತಿಳಿದಿರಲಿಲ್ಲ. ಜ್ವರದ ನೋಟ ಎಂದುಕೊಂಡಿದ್ದ.

ಮಾರನೆಯ ದಿನ ಅಟ್ಟಣೆ ಹತ್ತಿದ. ದೇವಿಯ ಹೆಸರು ಹೇಳಿ, ಒಂದು ಹನಿ ದ್ರಾಕ್ಷಾರಸ ಕಲ್ಲಿಗೆ ಮುಟ್ಟಿಸಿ, ಕೊರಳಿನ ಕೆಳಗೆ, ಗೋಡೆಯ ಕಡೆಗೆ, ಕೈಯಾಡಿಸಿದ. ಕಂಬಕ್ಕೆ ಆರು ಉರುಳೆಗಲ್ಲು, ಒಂದರ ಮೇಲೊಂದು. ನಡುವೆ ದೇವದಾರಿನ ಗೂಟ. ಅದು ಇನ್ನು ಯಾರ ಕಣ್ಣಿಗೂ ಬೀಳದ ವಸ್ತು. ಎಲ್ಲಕ್ಕಿಂತ ಮೇಲಿನ ಉರುಳೆಯ ಕೆಳ ಅಂಚಿನಲ್ಲಿ ಬೆರಳಿಗೆ ಏನೋ ತಾಕಿತು. ಉಗುರಿನಷ್ಟು ಉದ್ದದ ಒಂದು ಗೀಟು. ಉಳಿಯ ತುದಿಯಿಂದ ಎಳೆದದ್ದು. ಒಳಗೆ ಕೆಮ್ಮಣ್ಣು ತುಂಬಿತ್ತು, ಮಳೆಗೆ ಮಾಸಿತ್ತು. ಕೊರಳಿನ ಏಣಿನ ನೇರಕ್ಕೆ ಇರದೆ, ಅರ್ಧ ಬೆರಳು ಎಡಕ್ಕಿತ್ತು.

"ಗುರುತು ಹಾಕೋದ್ರಲ್ಲೂ ನೆಟ್ಟಗಿಲ್ಲ," ಎಂದು ಗೊಣಗಿದ.

ಎರಡನೆಯ ಉರುಳೆಗೆ ಇಳಿದ. ಅಲ್ಲಿಯೂ ಒಂದು ಗೀಟು, ಒಂದು ಬೆರಳು ಎಡಕ್ಕೆ. ಇವನು ಏನು ಮಾಡಿಟ್ಟಿದ್ದಾನೆ ಎಂದು ಸಿಟ್ಟಿನಿಂದಲೇ ಮೂರನೆಯದಕ್ಕೆ ಇಳಿದ. ಒಂದೂವರೆ ಬೆರಳು.

ದಮರೇತ ಬೆರಳಿಟ್ಟು ಮತ್ತೆ ಅಳೆದ.

ಕೈ ನಡುಗಿದವನ ಗೀಟುಗಳಲ್ಲ ಅವು. ನಾಲ್ಕನೆಯದರಲ್ಲಿ ಎರಡು ಬೆರಳು, ಐದನೆಯದರಲ್ಲಿ ಎರಡೂವರೆ. ಆರನೆಯದನ್ನು ನೋಡುವ ಮೊದಲೇ ಎಷ್ಟಿರುತ್ತದೆ ಎಂದು ಗೊತ್ತಿತ್ತು. ಮೂರು ಬೆರಳು, ನೇರ ಬುಡದ ಏಣಿಗೆ. ನಿನ್ನೆ ಅರ್ಕಿಪ್ಪನ ಮುಂದೆ ದಮರೇತ ಹೇಳಿದ ಉಪಾಯವನ್ನೇ ಮೂರು ವರ್ಷದ ಹಿಂದೆ ಸಿಮಿಯ ಯೋಚಿಸಿ, ಅಳೆದು, ಗುರುತು ಹಾಕಿಟ್ಟಿದ್ದ. ಬುಡ ತಪ್ಪಿರುವುದು ಅವನಿಗೆ ಗೊತ್ತಿತ್ತು. ತೋಡು ತೆಗೆಯುವ ಕಾಲ ಬಂದಾಗ ಯಾರಿಗೂ ತಿಳಿಯದಂತೆ ತಾನೇ ಹಂಚಿ ಮುಗಿಸಬೇಕೆಂದಿದ್ದ.

ಗೊತ್ತಿದ್ದವನು ಕಂಬವನ್ನು ಏಕೆ ಹಾಗೆ ನಿಲ್ಲಿಸಿದ? ತಪ್ಪು ತನ್ನದಾಗಿದ್ದರೆ ಬುಡದ ಉರುಳೆಯನ್ನು ಬದಿಗೆ ಸರಿಸಿ ಬೇರೆ ಕೊರೆಯುತ್ತಿದ್ದ. ಗಣಿಯಲ್ಲಿ ಕಲ್ಲಿಗೆ ಬರವಿರಲಿಲ್ಲ. ಅರ್ಕಿಪ್ಪ ಗದರುತ್ತಿದ್ದ, ಎರಡು ದಿನ ನಗುತ್ತಿದ್ದರು, ಮುಗಿಯಿತು.

ಅದಲ್ಲದೆ, ಕಡಲ ಕಡೆಯ ಪದ್ಧತಿ ಅವನಿಗೆ ಎಲ್ಲಿಂದ ಬಂತು? ಕಡಲನ್ನೇ ನೋಡದ ಹುಡುಗ. ಅವನಿಗೆ ಗೊಂದಲವಾಗದಿರಲೆಂದು ದಮರೇತ ಆ ಪದ್ಧತಿಯ ಮಾತನ್ನೇ ಮಗನ ಮುಂದೆ ಎತ್ತಿರಲಿಲ್ಲ. ಈ ಊರಿನಲ್ಲಿ ತೋಡನ್ನು ಮುಂದಿಟ್ಟು ಕೊರೆದು ಬೆಳೆದ ಕೈ ಒಂದೇ ಇತ್ತು.

ದಮರೇತ ಕೆಳಗಿಳಿದ. ಹೆಜ್ಜೆಗಲ್ಲಿನ ಅಂಚು ಒಡೆಯದಿರಲೆಂದು ಬುಡದ ಸುತ್ತ ಮೆತ್ತಿದ ಜೇಡಿಮಣ್ಣು ಗರ್ಭಗುಡಿಯ ಗೋಡೆಯ ಬದಿಗೆ ಇನ್ನೂ ಹಾಗೇ ಗಟ್ಟಿಯಾಗಿತ್ತು. ಮಂಡಿಯೂರಿ ಉಳಿಯ ಹಿಡಿಯಿಂದ ಅದನ್ನು ಕುಟ್ಟಿ ಉದುರಿಸಿದ. ಬುಡದ ಕಲ್ಲು ಕೊರೆದವನು ತನ್ನ ಗುರುತನ್ನು ಗೋಡೆಯ ಕಡೆಗೆ ಹಾಕುವುದು ವಾಡಿಕೆ. ಒರಟು ಮೈಯ ಮೇಲೆ, ಅಂಗೈಯಷ್ಟು ಜಾಗದಲ್ಲಿ, ಮೂರು ಗೆರೆಯ ಗುಡಾರದಂಥ ಅಕ್ಷರ. ದಮರೇತನ ಹೆಸರಿನ ಮೊದಲಕ್ಷರ. ಎಡಗೆರೆ ತುಸು ಉದ್ದ, ಯಾವಾಗಲೂ ಅವನ ಕೈ ಎಳೆಯುವ ಹಾಗೆ.

ಆಗ ನೆನಪಾಯಿತು. ನೆನಪಾಯಿತು ಎನ್ನುವುದಕ್ಕಿಂತ, ನೆನಪಿಲ್ಲದ ಕೆಲವು ದಿನಗಳು ತನ್ನ ಬಾಳಿನಲ್ಲಿದ್ದವು ಎಂಬುದು ನೆನಪಾಯಿತು. ಮೂರು ವರ್ಷದ ಹಿಂದೆ ಹೆಂಡತಿ ಸತ್ತ ವಾರ. ಮೂರನೆಯ ದಿನದ ನೀರು ಹಾಲು ಎರೆದು ಬಂದು, ಮನೆಯಲ್ಲಿ ಕೂರಲಾರದೆ ಕಲ್ಲಿನ ಅಂಗಳಕ್ಕೆ ಹೋಗಿದ್ದ. ಎದುರಿಗಿದ್ದ ಕಲ್ಲನ್ನು ಕೊರೆದಿದ್ದ. ಯಾವ ಕಲ್ಲು, ಯಾವ ಕಂಬದ್ದು, ಒಂದೂ ತಿಳಿದಿರಲಿಲ್ಲ. ತಲೆ ಇಲ್ಲದಾಗ ಕೈ ತಾನು ಮೊದಲು ಕಲಿತ ಊರಿಗೆ ಹೋಗಿಬಿಟ್ಟಿತ್ತು.

ಸಿಮಿಯ ನೋಡಿದ್ದಾನೆ. ತಾಯಿ ಸತ್ತ ವಾರದಲ್ಲಿ ಅಪ್ಪ ಕೊರೆದ ಕಲ್ಲನ್ನು ತಪ್ಪೆಂದು ಹತ್ತು ಜನರ ಮುಂದೆ ಬದಿಗೆ ಸರಿಸಲು ಮನಸ್ಸು ಬರದೆ, ಅದರ ಮೇಲೆಯೇ ತನ್ನ ಕಂಬವನ್ನು ನಿಲ್ಲಿಸಿದ್ದಾನೆ.

ಆ ಮಧ್ಯಾಹ್ನ ದಮರೇತ ಊಟಕ್ಕೆ ಮನೆಗೆ ಹೋದಾಗ ಮಿರ್ತೋಳನ್ನು ಕೇಳಿದ. "ಅವನು ಆ ಕಂಬ ನಿಲ್ಲಿಸ್ತಿದ್ದಾಗ ನಿನ್ನ ಹತ್ರ ಏನಾದ್ರೂ ಹೇಳಿದ್ನಾ?"

ಅವಳು ಎದುರು ಕೂತಳು. "ಹೇಳೋಕೇನೂ ಹೇಳ್ಲಿಲ್ಲ. ಒಂದಿನ ಎಲ್ಲರೂ ಬಂದ ಮೇಲೂ ಬರಲಿಲ್ಲ. ತಡವಾಗಿ ಬಂದ್ರು. ಕೈಯೆಲ್ಲ ಕೆಮ್ಮಣ್ಣು. ಎಲ್ಲಿಗೆ ಹೋಗಿದ್ರಿ, ಯಾವಳ ತುಟಿಗೆ ಬಣ್ಣ ಹಚ್ಚೋಕೆ ಅಂತ ರೇಗಿಸ್ದೆ. ನಕ್ಕು, 'ಅಪ್ಪಂದು ಒಂಚೂರು ಕೆಲ್ಸ ಬಾಕಿ ಇತ್ತು ಕಣೇ' ಅಂದ್ರು."

ದಮರೇತ ಮೇಲುಹೊದಿಕೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದ. ಮಿರ್ತೋ ಗಾಬರಿಯಾಗಿ ಎದ್ದು ನೀರು ತಂದಳು. ನೀರು ಕುಡಿದು, ತಪ್ಪು ಯಾರದೆಂದು ಅವಳಿಗೆ ಹೇಳಿದ. ಅವಳು ಪಾತ್ರೆಯನ್ನು ಎತ್ತಿಕೊಂಡು ಹೋಗಿ, ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತ ಅಂಗಳದಲ್ಲಿ ನಿಂತಳು.

ಕೆಲಸ ಎರಡು ತಿಂಗಳು ಹಿಡಿಯಿತು. ಗೀಟಿನಿಂದ ಗೀಟಿಗೆ ಕೆಮ್ಮಣ್ಣಿನ ನೂಲು ಬಿಗಿದು ಮೀಟಿ ಗೆರೆ ಎಳೆಯುವುದು, ಆ ಗೆರೆಯನ್ನು ಏಣಾಗಿ ಉಳಿಸಿ ಎರಡು ಕಡೆಯ ಕಲ್ಲನ್ನು ತೆಗೆಯುವುದು. ಸಿಮಿಯ ಗುರುತು ಹಾಕಿದ್ದು ಒಂದೇ ಏಣಿಗೆ. ಉಳಿದ ಹತ್ತೊಂಬತ್ತನ್ನು ಅದರಿಂದ ಅಳೆದುಕೊಂಡ. ಮಗನ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ. ಕಂಬದ ನಡುವಿನಲ್ಲಿ, ನೋಡುವವರ ಕಣ್ಣಿಗೆ ಸೊರಗಿದಂತೆ ಕಾಣಬಾರದೆಂದು ಕೊಡುವ ಸಣ್ಣ ಉಬ್ಬನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ.

ಆ ಗೀಟುಗಳಿದ್ದ ಏಣನ್ನು ದಮರೇತ ಕೊನೆಗೆ ಇಟ್ಟುಕೊಂಡ. ಅದನ್ನು ಬಿಡಿಸಿದರೆ ಗೀಟು ಉಳಿಯುವುದಿಲ್ಲ. ಒರಟು ಮೈಯೊಂದಿಗೆ ಅದೂ ಹೋಗುತ್ತದೆ. ಹತ್ತೊಂಬತ್ತು ಮುಗಿದ ದಿನ ಕೆಳಗಿನ ಹಲಗೆಯ ಮೇಲೆ ಸುಮ್ಮನೆ ಕುಳಿತಿದ್ದ. ಗೋರ್ಗ ಪಕ್ಕದ ಅಟ್ಟಣೆಯಿಂದ ಎರಡು ಒಣ ಅಂಜೂರ ತಂದು ಒಂದನ್ನು ಕೈಗಿತ್ತ. ಗೀಟು ನೋಡಿದ, ದಮರೇತನ ಮುಖ ನೋಡಿದ, ಬುಡದಲ್ಲಿದ್ದ ಅಕ್ಷರವನ್ನೂ ನೋಡಿದ. ಕಲ್ಲು ಓದಲು ಬಲ್ಲವನು, ಹೆಚ್ಚು ಹೇಳಬೇಕಾಗಲಿಲ್ಲ.

"ಯಜಮಾನ್ರೆ, ಒಂದು ಮಾತು. ಈಗ ಈ ಕಂಬ ನೋಡಿದ್ರೆ ನನಗೇ ವಾಲಿದ್ದು ಕಾಣ್ತಿಲ್ಲ. ನನಗೇ ಕಾಣದ್ದು ಇನ್ನಾರಿಗೆ ಕಂಡೀತು? ಕೈ ಇಡಿ, ನೇರವಾಗಿದೆ ಅನ್ನಿ. ಹುಡುಗನ ಹೆಸರು ಮೂರು ಸಲ ಕೂಗ್ತಾರೆ. ಮುಗೀತು. ಆ ಅಕ್ಷರಾನ ಈಗ್ಲೇ ಉಜ್ಜಿಬಿಡಿ."

"ಅಕ್ಷರ ಹೇಗೂ ಹೋಗುತ್ತೆ. ಮೈಯ ಜೊತೆ."

"ಅದೇ ಮತ್ತೆ! ಕಲ್ಲೇ ಬಾಯಿ ಮುಚ್ಚಿಕೊಂಡ ಮೇಲೆ ನಿಮಗೇನು ಕಷ್ಟ? ನಾನಂತೂ ನನ್ನ ಹೆಂಡ್ತಿ ಮುಂದೆ ದಿನಾ ನಾಲ್ಕು ಆಣೆ ಇಡ್ತೀನಿ. ಇನ್ನೂ ಸಿಡಿಲು ಬಡಿದಿಲ್ಲ."

ದಮರೇತನಿಗೆ ನಗು ಬಂತು. ಎರಡು ವರ್ಷದಲ್ಲಿ ಬಂದ ಮೊದಲ ನಗು. ಅದು ಬಂದಷ್ಟೇ ಬೇಗ ಹೋಯಿತು. "ನೀವೆಲ್ಲ ಅವನ ತಪ್ಪು ಅಂತ ತಿಳ್ಕೊಂಡೇ ಹಾರ ನೋಡ್ತೀರಿ, ಗೋರ್ಗ. ಮುದುಕ ಮಗನ ತಪ್ಪು ಮುಚ್ಚಿದ ಅಂತ ಅಂದ್ಕೊಂಡು."

"ನಾನು ಹೇಳ್ತೀನಿ ಬಿಡಿ, ಎಲ್ಲರಿಗೂ."

"ದೇವಿಗೆ ಯಾರು ಹೇಳ್ತಾರೆ?"

ಗೋರ್ಗ ತನ್ನ ಪಾಲಿನ ಅಂಜೂರ ತಿಂದು, ತೊಟ್ಟನ್ನು ಎಸೆದು, ತನ್ನ ಕಂಬಕ್ಕೆ ಹೋದ.

ಮರುದಿನ ದಮರೇತ ಕೊನೆಯ ಏಣನ್ನು ಬಿಡಿಸಿದ. ಮೇಲಿನ ಗೀಟು ಮೊದಲು ಹೋಯಿತು. ಒಂದೇ ಏಟಿಗೆ ಬಿಳಿ ಚಕ್ಕೆಯಾಗಿ ಹಾರಿತು, ಅದರ ಬೆನ್ನಿನ ಮೇಲೆ ಕೆಂಪು. ಎರಡನೆಯದು, ಮೂರನೆಯದು. ಒಂದನ್ನಾದರೂ ಉಳಿಸೋಣವೇ ಎಂದು ಐದನೆಯದರ ಮುಂದೆ ಕೈ ನಿಂತಿತು. ಹಿಂಜಗಲಿ, ಯಾರೂ ನೋಡುವುದಿಲ್ಲ. ಆದರೆ ಸಿಮಿಯ ಅದನ್ನು ಹಾಕಿದ್ದು ಉಳಿಯಲೆಂದಲ್ಲ, ಹೋಗಲೆಂದು. ಉಳಿಸಿದರೆ ಅವನ ಕೆಲಸ ಮುಗಿದಂತಾಗುವುದಿಲ್ಲ. ದಮರೇತ ಕೊಡತಿ ಎತ್ತಿದ. ಆರನೆಯದು ಹೋದ ಮೇಲೆ ಇಳಿದು ಬಂದು, ಮಂಡಿಯೂರಿ, ಚಕ್ಕೆಗಳ ರಾಶಿಯಲ್ಲಿ ಕೆಂಪಿನದನ್ನು ಹುಡುಕಿದ. ಕೆಮ್ಮಣ್ಣಿನ ನೂಲು ಮೀಟಿದ ಕಂಬ ಅದು. ಪ್ರತಿಯೊಂದು ಚಕ್ಕೆಯ ಮೇಲೂ ಕೆಂಪಿತ್ತು. ಯಾವುದು ಯಾರದೆಂದು ತಿಳಿಯಲಿಲ್ಲ.

ಜವೆ ಹಣ್ಣಾಗುವ ಹೊತ್ತಿಗೆ ದೇವಿ ಹೊಸ ಮನೆಗೆ ಬಂದಳು. ಹಿಂದಿನ ದಿನ ಮಿರ್ತೋ ಬಹಳ ದಿನಗಳ ಮೇಲೆ ಬಾಯಿಬಿಟ್ಟು ಕೇಳಿದಳು. "ನಾಳೆ ಹೆಸರು ಕೂಗಿಸ್ತೀರಲ್ಲ, ಮಾವ?"

ದಮರೇತ ಉಳಿಯ ಚೀಲದ ಬಾಯಿ ಬಿಗಿದ.

"ನನಗೆ ಮಕ್ಕಳಿಲ್ಲ," ಎಂದಳು ಅವಳು. "ಅವರ ಹೆಸರು ಹಿಡಿದು ಕೂಗೋಕೆ ಇನ್ನು ಯಾರೂ ಇಲ್ಲ. ಮೂರೇ ಮೂರು ಸಲ. ಅಷ್ಟು ಮಾಡಿಸಿ."

ಅಂದು ಬೆಳಗ್ಗೆ ಊರಿಗೆ ಊರೇ ಬಿಳಿ ಬಟ್ಟೆಯುಟ್ಟು ನಿಂತಿತ್ತು. ಪೂಜಾರ್ತಿ ಎಂಬತ್ತರ ಮುದುಕಿ, ಕಣ್ಣು ಮಂಜಾಗಿತ್ತು, ದನಿ ಮಾತ್ರ ಇನ್ನೂ ಗಂಟೆಯಂತಿತ್ತು. ಮುಂಜಗಲಿಯಿಂದ ಸುತ್ತುಸಾಲು ಹಿಡಿದು ಒಂದೊಂದೇ ಕಂಬದ ಮುಂದೆ ನಿಂತು ಬಂದಳು. ಕೈಯಿಟ್ಟರು, ಆಣೆಯಿಟ್ಟರು, ಹಾರ ಏರಿತು, ಹೆಸರು ಮೂರು ಸಲ ಬೆಟ್ಟಕ್ಕೆ ತಾಕಿ ಮರಳಿತು. ಕೊನೆಗೆ ಹಿಂಜಗಲಿಗೆ ಬಂದರು. ದಮರೇತ ಬಡಗಣ ಕಂಬದ ಮೇಲೆ ಅಂಗೈಯಿಟ್ಟ. ಕಲ್ಲು ತಣ್ಣಗಿತ್ತು. ಜನರ ನಡುವೆ ಮಿರ್ತೋ ಅವನನ್ನೇ ನೋಡುತ್ತಿದ್ದಳು.

"ಯಾರು ನಿಲ್ಲಿಸಿದ್ದು?" ಎಂದಳು ಪೂಜಾರ್ತಿ.

"ಸಿಮಿಯ. ನನ್ನ ಮಗ."

"ಹೇಗಿದೆ?"

ದಮರೇತನಿಗೆ ಆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಒಂದೇ ಮಾತು. ಅದನ್ನು ಆಡಿದರೆ ಆ ಗಂಟೆಯ ದನಿಯಲ್ಲಿ ಮಗನ ಹೆಸರು ಕೇಳಬಹುದು. ಆದರೆ ಆ ಕೂಗು ನೆಲದೊಳಗೆ ಇಳಿದು ಅವನನ್ನು ಮುಟ್ಟುವಾಗ ಅಪ್ಪನ ಸುಳ್ಳೂ ಅದರ ಜೊತೆಗೇ ಇಳಿಯುತ್ತದೆ. ಆರು ಗೀಟು ಹಾಕಿದವನಿಗೆ ಯಾವುದು ನೇರ, ಯಾವುದು ಅಲ್ಲ ಎಂದು ಚೆನ್ನಾಗಿ ಗೊತ್ತು.

"ನೇರವಾಗಿಲ್ಲ, ತಾಯಿ," ಎಂದ. ಜನರಲ್ಲಿ ಗುಜುಗುಜು ಎದ್ದಿತು. ಅವನು ದನಿ ಎತ್ತರಿಸಿದ. "ಮೂರು ಬೆರಳು ವಾಲಿದೆ. ಬುಡ ಕೊರೆದವನು ನಾನು. ತಪ್ಪಿದವನು ನಾನು. ಅವನಿಗೆ ಗೊತ್ತಿತ್ತು. ನನಗೆ ನಾಚಿಕೆಯಾಗಬಾರದು ಅಂತ ಯಾರಿಗೂ ಹೇಳದೆ ಸರಿಮಾಡೋ ದಾರಿ ಗುರುತು ಹಾಕಿಟ್ಟು ಹೋದ. ಕೊರಳು ನೇರವಾಗಿದೆ. ಅದು ಅವನದು."

ಅರ್ಕಿಪ್ಪ ತಲೆ ತಗ್ಗಿಸಿದ. ಗೋರ್ಗ ಗೋಡೆಯ ಕಡೆ ತಿರುಗಿದ. ಮುದುಕಿ ಹಾರ ಹಿಡಿದ ಕೈಯನ್ನು ಸ್ವಲ್ಪ ಎತ್ತಿದಳು. ಎತ್ತಿದ್ದು ಕಟ್ಟಲೆಂದೋ, ದಣಿವಿಗೋ ತಿಳಿಯದು. ಮತ್ತೆ ಇಳಿಸಿದಳು. ಕಟ್ಟಳೆ ಆಕೆಯದಲ್ಲ, ದೇವಿಯದು. ಆಕೆ ತೆಂಕಣ ಕಂಬದ ಮುಂದೆ ಹೋಗಿ ನಿಂತಳು. ಗೋರ್ಗ ಕೈಯಿಟ್ಟು ಆಣೆಯಿಟ್ಟ. ಅವನ ಹೆಸರು ಮೂರು ಸಲ ಬೆಟ್ಟಕ್ಕೆ ತಾಕಿತು.

ಜನ ಬಲಿಯ ಊಟಕ್ಕೆ ಇಳಿದು ಹೋದ ಮೇಲೆ ಮಿರ್ತೋ ಹತ್ತಿರ ಬಂದಳು. ಅತ್ತಿರಲಿಲ್ಲ. "ನಿಮ್ಮನ್ನ ಉಳಿಸೋಕೆ ಅವರು ಅಷ್ಟೆಲ್ಲ ಮಾಡಿದ್ರು," ಎಂದಳು. "ನೀವು ಅದನ್ನೂ ಉಳಿಸಲಿಲ್ಲ."

"ಇಲ್ಲ," ಎಂದ ದಮರೇತ.

ಅವಳು ಸ್ವಲ್ಪ ದೂರ ಹೋಗಿ ಹೆಜ್ಜೆಗಲ್ಲಿನ ಅಂಚಿನಲ್ಲಿ ನಿಂತಳು. ಬೆನ್ನು ತಿರುಗಿಸಿಕೊಂಡೇ, "ನಾನು ಇಲ್ಲೇ ಇರ್ತೀನಿ. ನಿಮ್ಮದು ಮುಗಿಸಿಕೊಂಡು ಬನ್ನಿ. ಇಳಿಯೋವಾಗ ಮೆಟ್ಟಿಲು ಎತ್ತರ, ನಿಮ್ಮ ಕಾಲಿಗೆ ಆಗಲ್ಲ," ಎಂದಳು.

ದಮರೇತ ಕಂಬದ ಎದುರು ಕುಳಿತ. ಮೇಲಿಂದ ಕೆಳಕ್ಕೆ ಒಂದೊಂದೇ ಹೆಸರು ಹೇಳಿದ. ತೊಲೆ, ಹಲಗೆ, ಮುಳ್ಳುಬುಗ್ಗೆ, ಉಂಗುರ, ಕೊರಳು, ಮೈ. ಅಲ್ಲಿಗೆ ನಿಲ್ಲಿಸಿ, ಅಂಗೈಯನ್ನು ಏಣಿನ ಮೇಲಿಟ್ಟು ನಿಧಾನವಾಗಿ ಕೆಳಕ್ಕೆ ಜಾರಿಸಿದ. ಕಣ್ಣಿಗೆ ಕಾಣದ ವಾಲು ಕೈಗೆ ಸಿಕ್ಕಿತು. ಬುಡಕ್ಕೆ ಬಂದು ಕೈ ನಿಂತಿತು.

ಗೋಡೆಯ ಆಚೆ ಗರ್ಭಗುಡಿಯಲ್ಲಿ ದೇವಿ ಕೂತಿದ್ದಳು, ಅವನಿಗೆ ಬೆನ್ನು ಮಾಡಿಕೊಂಡು.

"ತಾಯಿ," ಎಂದ ಮೆಲ್ಲಗೆ, "ನಿನಗಾದರೂ ವರ್ಷಕ್ಕೊಂದು ಸಲ ಮಗಳು ಮರಳಿ ಬರ್ತಾಳೆ. ನಾನು ಅಷ್ಟು ಕೇಳೋದಿಲ್ಲ. ಅವಳು ಮತ್ತೆ ಕೆಳಗೆ ಹೋಗೋವಾಗ ಒಂದು ಮಾತು ಹೇಳಿ ಕಳಿಸು. ಕೂಗೋದು ಬೇಡ. ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಲಿ. ಅಪ್ಪ ಬುಡ ನೋಡಿದ ಅಂತ."